ಸವರದ ಅಳತೆ

ಅತ್ತೆ ತನ್ನ ಅಂಗಡಿಯಲ್ಲಿ ಅಳತೆಯ ಡಬ್ಬಿಯನ್ನು ಮಟ್ಟ ಸವರಿ ಕೊಟ್ಟವಳೇ ಅಲ್ಲ. ಅಕ್ಕಿಯಾಗಲಿ, ಸಕ್ಕರೆಯಾಗಲಿ, ಡಬ್ಬಿ ತುಂಬಿ ಗೋಪುರವಾಗಿ ನಿಂತ ಮೇಲೂ ಇನ್ನೊಂದು ಹಿಡಿ ಕೊಸರು ಹಾಕಿಯೇ ಚೀಲದ ಬಾಯಿ ಕಟ್ಟುತ್ತಿದ್ದಳು. ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದ ಮೇಲೂ ಹಳೆಯ ಗಿರಾಕಿಗಳು ಇತ್ತಲೇ ಬರುತ್ತಿದ್ದದ್ದು ಆ ಒಂದು ಹಿಡಿಗಾಗಿ. "ಅಲ್ಲಿ ಯಂತ್ರ ಅಳೆಯುತ್ತೆ. ಇಲ್ಲಿ ನಾನು ಅಳೀತೀನಿ" ಎನ್ನುತ್ತಿದ್ದಳು.

ತಮ್ಮನ ಮಗಳಿಂದ ಹಿಡಿದು ಬೀದಿಯವರೆಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ. ಅಪ್ಪನ ನಂತರ ದಿನಸಿ ಅಂಗಡಿ ಅವಳದಾಯಿತು. ಹಿಂದಿನ ಮನೆಯಲ್ಲಿ ಅವಳ ಜೊತೆ ತಮ್ಮ ಮತ್ತು ತಮ್ಮನ ಹೆಂಡತಿ ಇದ್ದರು. ತಮ್ಮ ನಗರದ ಬಸ್ಸು ಓಡಿಸುತ್ತಿದ್ದ. ಹೆಂಡತಿ ಆಸ್ಪತ್ರೆಯೊಂದರ ಬಟ್ಟೆ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬೆಳಕು ಹರಿಯುತ್ತಲೇ ಇಬ್ಬರೂ ಹೊರಟುಬಿಡುತ್ತಿದ್ದರಿಂದ ಹಗಲಿಡೀ ಅತ್ತೆಯ ಜೊತೆಗಿರುತ್ತಿದ್ದದ್ದು ಮೂಟೆ.

ಮೂಟೆ ಎಂದರೆ ನಾಯಿ. ಮರಿಯಾಗಿದ್ದಾಗ ಸರಕು ಗಾಡಿಯ ಖಾಲಿ ಗೋಣಿಗಳ ನಡುವೆ ಸಿಕ್ಕಿದ್ದು, ಗೋಧಿ ಮೂಟೆಗಳ ಮೇಲೆ ಮಲಗಿ ಬೆಳೆದದ್ದು, ಬರಬರುತ್ತ ತಾನೇ ಒಂದು ಮೂಟೆಯಂತಾದದ್ದು. ಅತ್ತೆ ಕುರ್ಚಿಯಿಂದ ಎದ್ದರೆ ಏಳುತ್ತಿತ್ತು, ಕೂತರೆ ಕೂರುತ್ತಿತ್ತು. ಅವಳ ಬ್ರೆಡ್ಡಿನ ಅಂಚು, ಮೊಟ್ಟೆಯ ಅರ್ಧ, ಹಾಲಿನ ಲೋಟದ ತಳ ಎಲ್ಲ ಅದಕ್ಕೆ.

ತಮ್ಮನ ಮಗಳು ಬೇರೆ ಊರಿನ ಕೆಲಸ ಬಿಟ್ಟು ಮನೆಗೆ ಮರಳಿದ್ದು ಆಗ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಗುಬ್ಬಿ ಎಂದು ಕರೆದಿದ್ದರು. ಈಗ ಅವಳು ಪಕ್ಕದ ಬೀದಿಯ ಜಿಮ್ಮಿನಲ್ಲಿ ತರಬೇತಿ ಕೊಡುವವಳು. ಅಕ್ಕಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವವಳು. ಹೆಸರು ಮಾತ್ರ ಗುಬ್ಬಿಯಾಗಿಯೇ ಉಳಿದಿತ್ತು.

ಬಂದ ಮೊದಲ ಬೆಳಗ್ಗೆಯೇ ಅವಳ ಕಣ್ಣು ನಾಯಿಯ ಮೇಲೆ ಬಿತ್ತು.

"ಅತ್ತೆ, ಮೂಟೆ ಹಿಂಗಾಲು ಎಳೀತಿದೆಯಲ್ಲ."

"ವಯಸ್ಸಾಯ್ತು. ನಂದೂ ಎಳೆಯುತ್ತೆ."

"ನೀನು ಡಾಕ್ಟರ್ ಹತ್ರ ಹೋಗಿದ್ಯಂತೆ. ಇದನ್ನ ಕರ್ಕೊಂಡು ಹೋದ್ಯಾ?"

"ಅದು ನೋವು ಅಂತ ನನಗೆ ಬಾಯಿ ಬಿಟ್ಟು ಹೇಳಲಿಲ್ಲ."

ಸಂಜೆ ಗುಬ್ಬಿ ತಾನೇ ನಾಯಿಯನ್ನು ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋಗಿ ಬಂದಳು. ಕೈಯಲ್ಲಿ ನಾಯಿ ಆಹಾರದ ಚೀಲ, ಕೀಲಿನ ಮಾತ್ರೆಯ ಡಬ್ಬಿ, ಮೀನೆಣ್ಣೆಯ ಗುಳಿಗೆಯ ಡಬ್ಬಿ. ಊಟದ ಮೇಜಿನ ಮೇಲೆ ಮೂರನ್ನೂ ಇಟ್ಟು ಹೇಳಿದಳು: "ಕೀಲು ಸವೆದಿದೆ, ತೂಕ ಜಾಸ್ತಿ ಇದೆ. ಈ ಆಹಾರ ಬೆಳಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ. ಇವೆರಡು ಡಬ್ಬಿ ಅದರ ತೂಕ ನೋಡಿ ಬರೆದುಕೊಟ್ಟಿದ್ದು. ಇಷ್ಟು ಬಿಟ್ಟು ಬೇರೆ ಯಾವ ವಿಟಮಿನ್ನೂ ಬೇಡವಂತೆ. ಬೇಕಾದ್ದೆಲ್ಲ ಆಹಾರದಲ್ಲೇ ಇದೆಯಂತೆ."

"ನಾವು ಇಷ್ಟು ದಿನ ಅದಕ್ಕೆ ಮಣ್ಣು ಹಾಕಿದ್ವಾ?" ಎಂದಳು ಅತ್ತೆ.

"ಅತ್ತೆ, ನಾನು ಹಾಗಂದ್ನಾ?"

"ಅನ್ನಲಿಲ್ಲ. ಡಬ್ಬಿ ತಂದೆ."

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಗುಬ್ಬಿ ಅಂಗಡಿಯದೇ ಒಂದು ಸಣ್ಣ ಅಳತೆಯ ಡಬ್ಬಿ ತೆಗೆದುಕೊಂಡಳು. ನಾಯಿಯ ಆಹಾರ ತುಂಬಿದಳು. ಆಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಮರದ ಪಟ್ಟಿಯನ್ನು ಅಂಚಿಗೆ ಹಿಡಿದು ಸರ್ರನೆ ಸವರಿದಳು. ಗೋಪುರ ಕುಸಿದು ಕಾಳುಗಳು ಚೀಲಕ್ಕೆ ವಾಪಸು ಬಿದ್ದವು.

ಎಣ್ಣೆ ಕೊಳ್ಳಲು ಬಂದಿದ್ದ ದರ್ಜಿ ನೋಡುತ್ತ ನಿಂತಿದ್ದ. "ಏನತ್ತೆ, ಅಂಗಡಿ ಕೈ ಬದಲಾಯ್ತಾ?"

ಅತ್ತೆ ಅವನ ಬಾಟಲಿಗೆ ಎರಡು ಸೌಟು ಎಣ್ಣೆ ಹೆಚ್ಚಿಗೆ ಹಾಕಿ ಕಳಿಸಿದಳು. ಅವನು ಹೋದ ಮೇಲೆ ಹೇಳಿದಳು: "ನನ್ನ ಅಂಗಡೀಲಿ, ನನ್ನ ಡಬ್ಬೀಲಿ, ಗಿರಾಕಿ ಎದುರು ಸವರಿ ಕೊಡಬೇಡ. ಭಿಕ್ಷುಕನಿಗೂ ಹಾಗೆ ಹಾಕಲ್ಲ ನಾನು."

"ಇದು ಭಿಕ್ಷೆ ಅಲ್ಲ ಅತ್ತೆ, ಔಷಧಿ ಇದ್ದ ಹಾಗೆ."

"ಔಷಧಿನೂ ಕೊಡೋ ಕೈ ನೋಡಿ ಕೆಲಸ ಮಾಡುತ್ತೆ."

ಡಬ್ಬಿಯ ವಿಷಯವನ್ನಾದರೂ ಅತ್ತೆ ನುಂಗಿಕೊಂಡಾಳು. ನುಂಗಲಾಗದ್ದು ಬೇರೆ ಇತ್ತು. ಮೀನೆಣ್ಣೆಯ ಗುಳಿಗೆಯ ವಾಸನೆಗೆ ಮೂಟೆ ಮರುಳಾಯಿತು. ಗುಬ್ಬಿ ಡಬ್ಬಿ ಅಲ್ಲಾಡಿಸಿದರೆ ಸಾಕು, ಎಲ್ಲಿದ್ದರೂ ಬಂದು ಅವಳ ಕಾಲಬಳಿ ಕೂರುತ್ತಿತ್ತು. ಸಂಜೆ ಅವಳು ಬರುವ ಹೊತ್ತಿಗೆ ಗೋಧಿ ಮೂಟೆಯಿಂದ ಇಳಿದು ಅಂಗಡಿಯ ಮೆಟ್ಟಿಲ ಮೇಲೆ ಮೂತಿಯಿಟ್ಟು ಬೀದಿ ನೋಡುತ್ತಿತ್ತು. ಅತ್ತೆ ಬ್ರೆಡ್ಡಿನ ಅಂಚು ತೋರಿಸಿ "ಬಾ" ಎಂದರೆ ಬಾಲದ ತುದಿಯನ್ನಷ್ಟೇ ಆಡಿಸಿ ಮತ್ತೆ ಬೀದಿಯತ್ತ ತಿರುಗುತ್ತಿತ್ತು.

"ನಿನ್ನ ಬಾಡಿಗಾರ್ಡ್ ಡ್ಯೂಟಿ ಬದಲಾಯಿಸಿದ ಹಾಗಿದೆ" ಎಂದ ತಮ್ಮ, ಬಸ್ಸಿನ ಕೆಲಸ ಮುಗಿಸಿ ಬಂದವನು.

"ಲಂಚ ತಿನ್ನೋ ನಾಯಿ. ನಾಳೆ ಬೇರೆಯವರು ಕೊಟ್ಟರೆ ಅವರ ಹಿಂದೆ ಹೋಗುತ್ತೆ."

"ಇಷ್ಟು ದಿನ ನೀನು ಕೊಡ್ತಿದ್ದದ್ದು ಏನಕ್ಕ?"

ಅತ್ತೆ ಚಿಲ್ಲರೆ ಎಣಿಸಿದಳು. ಎಣಿಸಿದ್ದನ್ನೇ ಮತ್ತೆ ಎಣಿಸಿದಳು.

ಅವಳ ಮೊಣಕಾಲಿಗೆ ಡಾಕ್ಟರು ಬರೆದುಕೊಟ್ಟದ್ದು ವಾರಕ್ಕೊಂದು ಪುಡಿಯ ಪೊಟ್ಟಣ, ವಿಟಮಿನ್ ಡಿ. ಹಾಲಿಗೆ ಹಾಕಿಕೊಂಡು ಕುಡಿಯುವುದು. ಅದು ಮುಗಿಯುವ ಹೊತ್ತಿಗೆ ಅವಳು ಮೊದಲಿನಂತೆ ಕುಕ್ಕರಗಾಲಲ್ಲಿ ಕೂತು ಕೆಳಗಿನ ಸಾಲಿನ ಡಬ್ಬಿ ತೆಗೆಯುತ್ತಿದ್ದಳು. ತನ್ನ ಮೂಳೆಗೆ ಹಿಡಿದದ್ದು ನಾಯಿಯ ಮೂಳೆಗೂ ಹಿಡಿಯಬೇಕು. ಎದುರಿನ ಔಷಧಿ ಅಂಗಡಿಯವನ ಹತ್ತಿರ ಮತ್ತೆ ಪೊಟ್ಟಣ ಕೇಳಿದಳು.

"ಕೋರ್ಸ್ ಮುಗಿದಿರಬೇಕಲ್ಲ ಅತ್ತೆ? ಮತ್ತೆ ನಿಮಗೇನಾ?"

"ಮತ್ತೆ ಯಾರಿಗೆ? ನಿನಗೆ ಕೊಸರು ಅಕ್ಕಿ ಹಾಕುವಾಗ ನಾನು ಇಷ್ಟು ಪ್ರಶ್ನೆ ಕೇಳ್ತೀನಾ?"

ಅವನು ಕೊಟ್ಟ.

ಮೂವರೂ ಕೆಲಸಕ್ಕೆ ಹೋದ ಮೇಲೆ ಅತ್ತೆ ಗಲ್ಲಾಪೆಟ್ಟಿಗೆಯ ಹಿಂದೆ ಹಾಲಿನ ಬಟ್ಟಲಿಟ್ಟು ಪುಡಿ ಕದಡಿದಳು. ಪುಡಿ ಸಿಹಿಯಾಗಿತ್ತು. ಮೂಟೆ ಬಟ್ಟಲನ್ನು ನೆಕ್ಕಿ ನೆಕ್ಕಿ ಗೋಡೆಯವರೆಗೆ ತಳ್ಳಿಕೊಂಡು ಹೋಯಿತು. ಆಮೇಲೆ ಅವಳ ಮಡಿಲ ಮೇಲೆ ತಲೆಯಿಟ್ಟಿತು. ಎಷ್ಟೋ ದಿನಗಳ ಮೇಲೆ ಇಟ್ಟಿತ್ತು. ಅತ್ತೆ ಅಲ್ಲಾಡದೆ ಕೂತಳು. ಸಕ್ಕರೆ ಕೇಳಿ ಬಂದ ಹೆಂಗಸಿಗೆ "ಸ್ವಲ್ಪ ತಾಳಮ್ಮ" ಎಂದಳು.

ಮೊದಮೊದಲು ವಾರಕ್ಕೊಂದು ಹಾಕಿದಳು. ಮೂಟೆ ಚುರುಕಾಯಿತು. ತೂಕ ಇಳಿಯಿತು, ಮೆಟ್ಟಿಲು ಹತ್ತತೊಡಗಿತು. ಗುಬ್ಬಿ ಊಟದ ಹೊತ್ತಿಗೆ ಅದರ ಹಿಂಗಾಲು ನೀವುತ್ತ ಹೇಳಿದಳು: "ನೋಡಮ್ಮ, ಸರಿಯಾದ ಅಳತೆ, ಸರಿಯಾದ ನಡಿಗೆ. ಇಷ್ಟೇ ಬೇಕಿತ್ತು."

"ನಿನ್ನ ಕೈಗುಣ" ಎಂದಳು ತಾಯಿ, ಮಗಳ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತ.

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗುಣ ಯಾರ ಕೈಯದೆಂದು ಮೇಜಿನ ಕೆಳಗಿದ್ದ ನಾಯಿಗೆ ಗೊತ್ತು, ಅದು ಹೇಳುವುದಿಲ್ಲ. ಮರುದಿನದಿಂದ ದಿನ ಬಿಟ್ಟು ದಿನ ಪೊಟ್ಟಣ ಒಡೆದಳು.

ಗುಬ್ಬಿ ಹೊರಡುವ ಮುನ್ನ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳುವ ರೂಢಿಯಿತ್ತು. "ಅತ್ತೆ, ಬೇರೆ ಏನೂ ಹಾಕ್ತಿಲ್ಲ ತಾನೆ?"

"ನಾನ್ಯಾಕೆ ಹಾಕಲಿ? ನಿನ್ನ ನಾಯಿ, ನಿನ್ನ ಡಬ್ಬಿ."

ಮೂಟೆ ನೀರು ಕುಡಿಯುವುದು ಹೆಚ್ಚಾದದ್ದನ್ನು ಮೊದಲು ಗಮನಿಸಿದವಳು ತಮ್ಮನ ಹೆಂಡತಿ. ಪಾತ್ರೆ ತುಂಬಿಸಿ ತಿರುಗುವಷ್ಟರಲ್ಲಿ ಖಾಲಿ. ಎಂದೂ ಒಳಗೆ ಗಲೀಜು ಮಾಡದ ನಾಯಿ ಒಂದು ಬೆಳಗ್ಗೆ ಗೋಧಿ ಮೂಟೆಯ ಮೇಲೆಯೇ ಉಚ್ಚೆ ಹೊಯ್ದುಕೊಂಡು, ತಪ್ಪು ಮಾಡಿದವರಂತೆ ಮೂಲೆಗೆ ಹೋಗಿ ಕೂತಿತ್ತು. ಎರಡು ಚೀಲ ಗೋಧಿ ಹೊರಗೆ ಹೋಯಿತು. ಆಮೇಲೆ ವಾಂತಿ. ಆಮೇಲೆ ಆಹಾರದ ಬಟ್ಟಲನ್ನು ಮೂಸಿ ಬಿಟ್ಟಿತು. ಗುಬ್ಬಿ ಮೀನೆಣ್ಣೆಯ ಡಬ್ಬಿ ಅಲ್ಲಾಡಿಸಿದರೂ ಏಳಲಿಲ್ಲ.

ತಮ್ಮ ಸಂಜೆ ಮಗಳ ಮೇಲೆ ಹರಿಹಾಯ್ದ. "ಜಿಮ್ಮಲ್ಲಿ ಹುಡುಗರಿಗೆ ಡಬ್ಬಿ ತಿನ್ನಿಸಿ ತಿನ್ನಿಸಿ ಅಭ್ಯಾಸ. ಮನೆ ನಾಯಿಗೂ ಶುರು ಮಾಡಿದ್ಲು. ಚೆನ್ನಾಗಿತ್ತು ಪ್ರಾಣಿ."

"ಅಪ್ಪ, ಅದು ವೈದ್ಯೆ ಬರೆದುಕೊಟ್ಟಿದ್ದು."

"ಬರೆದುಕೊಟ್ಟಿದ್ದನ್ನೇ ಕೊಟ್ಯಾ, ಬೇಗ ವಾಸಿಯಾಗಲಿ ಅಂತ ಎರಡೆರಡು ಕೊಟ್ಯಾ?"

"ಒಂದೇ ಕೊಟ್ಟಿದ್ದೀನಿ. ಡಬ್ಬೀಲಿ ಎಣಿಸಿ ನೋಡು ಬೇಕಾದ್ರೆ."

"ಯಾರು ಎಣಿಸ್ತಾರೆ. ನಾಯಿ ಮುಖ ನೋಡಿದ್ರೆ ಗೊತ್ತಾಗುತ್ತೆ. ಅಕ್ಕ, ನೀನು ಹೇಳು."

ಅತ್ತೆ ಸೂಪಿನ ಬಟ್ಟಲಿಗೆ ಬ್ರೆಡ್ಡು ಅದ್ದುತ್ತಿದ್ದಳು. ಎಲ್ಲರೂ ಅವಳ ಕಡೆ ನೋಡಿದರು. ಎಷ್ಟೋ ದಿನಗಳ ಮೇಲೆ ಆ ಮೇಜಿನಲ್ಲಿ ಅವಳ ಮಾತಿಗಾಗಿ ಕಾದಿದ್ದರು.

"ನಾನೇನು ಹೇಳಲಿ" ಎಂದಳು. "ನನಗೆ ಅಳತೆ ಗೊತ್ತಾಗಲ್ಲವಂತಲ್ಲ."

ಗುಬ್ಬಿ ಎದ್ದು ಎರಡೂ ಡಬ್ಬಿಗಳನ್ನು ಕಪಾಟಿನ ಮೇಲೆ ಎತ್ತಿಟ್ಟಳು. "ಸರಿ. ವೈದ್ಯೆ ಊರಲ್ಲಿಲ್ಲ, ಬಂದ ಮೇಲೆ ಕೇಳೋವರೆಗೂ ಇವನ್ನೂ ಕೊಡಲ್ಲ." ಅವಳು ಊಟ ಮುಗಿಸದೆ ಒಳಗೆ ಹೋದದ್ದನ್ನು ಅತ್ತೆ ನೋಡಿದಳು. ಸೂಪು ಆ ದಿನ ರುಚಿಯಾಗಿತ್ತು. ಇನ್ನರ್ಧ ಬಟ್ಟಲು ಹಾಕಿಸಿಕೊಂಡಳು.

ಗುಬ್ಬಿಯ ಡಬ್ಬಿ ನಿಂತದ್ದರಿಂದ ನಾಯಿಗೆ ನಿತ್ರಾಣ ಇನ್ನೂ ಹೆಚ್ಚಾದೀತು, ಈಗ ತನ್ನ ಕೈಯೇ ಗತಿ ಎಂದು ಅತ್ತೆ ಅಂದಿನಿಂದ ದಿನವೂ ಪೊಟ್ಟಣ ಒಡೆದಳು. ಮೂಟೆ ಉಳಿದೆಲ್ಲ ಬಿಟ್ಟರೂ ಬಾಯಾರಿಕೆಗೆ ಹಾಲು ಮಾತ್ರ ನೆಕ್ಕುತ್ತಿತ್ತು. "ನೋಡು, ನನ್ನ ಕೈಯಿಂದ ಮಾತ್ರ ಕುಡಿಯುತ್ತೆ" ಎಂದು ದರ್ಜಿಗೆ ಹೇಳಿದಳು. ಆ ವಾರ ಕಳೆಯುವ ಮೊದಲೇ ಅದು ಹಾಲನ್ನೂ ಬಿಟ್ಟಿತು. ಕರೆದರೆ ಕಣ್ಣು ತೆರೆಯುತ್ತಿತ್ತು, ತಲೆ ಎತ್ತುತ್ತಿರಲಿಲ್ಲ.

ತಮ್ಮ ರಜೆ ಹಾಕಿ ಅಂಗಡಿಯ ಸರಕು ಗಾಡಿ ತೆಗೆದ. ಗುಬ್ಬಿ ನಾಯಿಯನ್ನು ಗೋಣಿಯ ಮೇಲೆ ಮಲಗಿಸಿದಳು. ಅತ್ತೆ ಅಂಗಡಿಗೆ ಬೀಗ ಹಾಕಿ ಹತ್ತಿ ಕೂತಳು. ವಾರದ ಮಧ್ಯೆ ಹಗಲಿನಲ್ಲಿ ಆ ಬಾಗಿಲಿಗೆ ಬೀಗ ಬಿದ್ದದ್ದನ್ನು ಬೀದಿ ನೋಡಿರಲಿಲ್ಲ.

ಪಶುವೈದ್ಯೆ ಸಣ್ಣ ಕೋಣೆಯಲ್ಲಿ ಗಟ್ಟಿ ಧ್ವನಿಯಲ್ಲಿ ಮಾತಾಡುವ ಹೆಂಗಸು. ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡಳು.

"ರಕ್ತದಲ್ಲಿ ಕ್ಯಾಲ್ಸಿಯಂ ಬಹಳ ಏರಿದೆ. ಕಿಡ್ನಿಗೆ ಪೆಟ್ಟು ಬೀಳೋಕೆ ಶುರುವಾಗಿದೆ. ಡ್ರಿಪ್ ಈಗಲೇ ಹಾಕ್ತೀನಿ. ಆದರೆ ಯಾಕೆ ಏರಿತು ಅನ್ನೋದು ಗೊತ್ತಾಗಬೇಕು."

"ನಾನು ಕೊಟ್ಟ ಮಾತ್ರೆಯಿಂದಾನಾ?" ಗುಬ್ಬಿ ಎರಡೂ ಡಬ್ಬಿಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

ವೈದ್ಯೆ ಚೀಟಿಗಳನ್ನು ಓದಿದಳು, ಗುಳಿಗೆಗಳನ್ನು ಅಂಗೈಗೆ ಸುರಿದು ನೋಡಿದಳು. "ಇಲ್ಲ. ಇವೆರಡರಿಂದ ಹೀಗಾಗಲ್ಲ. ನಾನು ಹೆದರೋದು ಬೇರೆ ಎರಡಕ್ಕೆ. ಒಂದು, ಒಳಗೆ ಎಲ್ಲಾದರೂ ಗಡ್ಡೆ ಇರಬಹುದು. ಹುಡುಕಬೇಕು, ಸಿಕ್ಕರೆ ಹೆಚ್ಚು ಭರವಸೆ ಕೊಡೋಕಾಗಲ್ಲ. ಇನ್ನೊಂದು, ಇಲಿ ಪಾಷಾಣ. ನಿಮ್ಮದು ದಿನಸಿ ಅಂಗಡಿ ಅಲ್ವಾ?"

ಗಡ್ಡೆ ಎಂದಾಗ ಸುಮ್ಮನಿದ್ದ ಅತ್ತೆ ಪಾಷಾಣ ಎಂದಾಗ ಎದ್ದು ನಿಂತಳು. "ನಮ್ಮ ಅಂಗಡೀಲಿ ಪಾಷಾಣ ಇಲ್ಲ."

"ಇಲಿ ಇಲ್ವಾ?"

"ಇಲಿ ಇದೆ. ಬೋನಿದೆ. ಪಾಷಾಣ ಇಲ್ಲ. ಜನ ತಿನ್ನೋ ಧಾನ್ಯ ಇಡೋ ಜಾಗ ಅದು. ಈ ನಾಯಿ ಬಂದ ಮೇಲಂತೂ ಆ ಹೆಸರೂ ಎತ್ತಿಲ್ಲ. ಬೇಕಾದ್ರೆ ಬಂದು ಪ್ರತಿ ಚೀಲ ಎತ್ತಿ ನೋಡಿ."

"ಕೋಪ ಮಾಡ್ಕೋಬೇಡಿ. ಎಲ್ಲ ಪಾಷಾಣದಿಂದ ಹೀಗಾಗಲ್ಲ, ಒಂದು ಬಗೆಯದರಿಂದ ಆಗುತ್ತೆ. ಅದರಲ್ಲಿರೋದು ವಿಟಮಿನ್ ಡಿ. ಮೂಳೆಗೆ ಅಂತ ನಾವೂ ನೀವೂ ತಗೊಳ್ಳೋದೇ. ಅಳತೆ ಮೀರಿದರೆ ಇಲಿಯನ್ನ ಕೊಲ್ಲುತ್ತೆ. ನಾಯಿಯನ್ನೂ ಕೊಲ್ಲುತ್ತೆ."

ಅತ್ತೆ ಮೆಲ್ಲಗೆ ಕೂತಳು. ಪಕ್ಕದ ಮೇಜಿನ ಮೇಲೆ ಮೂಟೆ ಒಂದೇ ಮಗ್ಗುಲಿಗೆ ಮಲಗಿ ಉಸಿರೆಳೆಯುತ್ತಿತ್ತು. ಗುಬ್ಬಿ ಅದರ ಕಿವಿಯ ಬುಡ ಸವರುತ್ತ ಮುಖ ಆ ಕಡೆ ತಿರುಗಿಸಿದ್ದಳು. ಅವಳ ಅಗಲ ಬೆನ್ನು ಅಲುಗುತ್ತಿತ್ತು.

"ಅದೇ ಅಂದ್ರೆ" ಅತ್ತೆ ಕೇಳಿದಳು, "ಹಾಲಿಗೆ ಹಾಕ್ಕೊಂಡು ಕುಡಿಯೋ ಪುಡಿನಾ?"

ವೈದ್ಯೆ ಪೆನ್ನು ಕೆಳಗಿಟ್ಟಳು. ತಮ್ಮ ಬಾಗಿಲ ಹತ್ತಿರದಿಂದ ಒಳಗೆ ಬಂದ.

"ಎಷ್ಟು ಕೊಟ್ರಿ?"

"ಮೊದಲು ವಾರಕ್ಕೊಂದು. ಆಮೇಲೆ ದಿನ ಬಿಟ್ಟು ದಿನ. ಈಚೆಗೆ ದಿನಾ."

"ದಿನಾ ಒಂದು ಇಡೀ ಪೊಟ್ಟಣ?"

"ಅರ್ಧ ಕೊಡೋದು ನನಗೆ ಗೊತ್ತಿಲ್ಲ."

"ಅದು ನಿಮ್ಮಂಥ ದೊಡ್ಡ ಮನುಷ್ಯರಿಗೇ ವಾರಕ್ಕೊಂದು ಅಮ್ಮ. ಇದರ ತೂಕ ನಿಮ್ಮದರ ಮೂರನೇ ಒಂದು ಭಾಗವೂ ಇಲ್ಲ. ಹೆಚ್ಚಾದದ್ದು ಉಚ್ಚೇಲಿ ಹೋಗಿಬಿಡೋ ವಿಟಮಿನ್ನೂ ಅಲ್ಲ ಇದು; ಕೊಬ್ಬಿನಲ್ಲಿ ಕೂತುಬಿಡುತ್ತೆ. ಇವತ್ತು ನಿಲ್ಲಿಸಿದರೂ ಇನ್ನೂ ಎಷ್ಟೋ ವಾರ ಒಳಗೇ ಕೆಲಸ ಮಾಡ್ತಿರುತ್ತೆ." ವೈದ್ಯೆ ಎದ್ದಳು. "ಹೇಳಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ನಾನು ಗಡ್ಡೆ ಹುಡುಕ್ತಾ ಕೂರ್ತಿದ್ದೆ, ನೀವು ಮನೆಗೆ ಹೋಗಿ ಮತ್ತೆ ಹಾಲು ಕೊಡ್ತಿದ್ರಿ."

ಗುಬ್ಬಿ ತಿರುಗಿದಳು. ಕೂಗಲಿಲ್ಲ. "ದಿನಾ ಬೆಳಗ್ಗೆ ಕೇಳ್ತಿದ್ದೆ ನಿನ್ನ."

"ಕೇಳ್ತಿದ್ದೆ."

"ಇಲ್ಲ ಅಂದೆ."

"ಅಂದೆ."

"ಯಾಕೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನೀನು ಬಂದ ಮೇಲೆ ಅದು ಮೆಟ್ಟಿಲ ಮೇಲೆ ಕೂರೋಕೆ ಶುರು ಮಾಡ್ತು" ಎಂದಳು.

ಮೂಟೆ ಅಲ್ಲಿಯೇ ಉಳಿಯಿತು. ಡ್ರಿಪ್, ಚುಚ್ಚುಮದ್ದು, ಮತ್ತೆ ರಕ್ತ ಪರೀಕ್ಷೆ. ಗುಬ್ಬಿ ಜಿಮ್ಮಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದಳು. ಮನೆಗೆ ಬಂದರೆ ಅತ್ತೆಯ ಎದುರಿನ ಕುರ್ಚಿ ಬಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದಳು. ತಮ್ಮ ಒಂದೇ ಮಾತು ಹೇಳಿದ: "ಅಕ್ಕ, ನಾನು ಅವಳಿಗೆ ಬೈತಿದ್ದಾಗ ನೀನು ಸೂಪು ಕುಡೀತಿದ್ದೆ." ತಮ್ಮನ ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ.

"ಅಕ್ಕ, ನಾಯಿ ಪ್ರೀತಿಗೆ ಇಷ್ಟು ಹೊಟ್ಟೆಕಿಚ್ಚಾ?"

"ನಿನಗೆ ಗಂಡ ಇದ್ದಾನೆ, ಮಗಳಿದ್ದಾಳೆ" ಎಂದಳು ಅತ್ತೆ. "ನಾನು ಎದ್ದರೆ ಏಳೋದು ಅದೊಂದೇ."

ತಮ್ಮನ ಹೆಂಡತಿ ತೊಳೆದ ತಟ್ಟೆಯನ್ನು ಕವುಚಿಟ್ಟಳು. "ನಾಳೆ ನೀವೂ ಹೋಗಿ ನೋಡಿಕೊಂಡು ಬನ್ನಿ. ಅಂಗಡಿ ನಾನು ನೋಡ್ಕೋತೀನಿ" ಎಂದಳು.

"ಅಲ್ಲಿ ಅದು ಅವಳನ್ನೇ ನೋಡ್ತಿರುತ್ತೆ. ನಾನು ಹೋಗಿ ಏನು ಮಾಡಲಿ." ಹಾಗೆಂದವಳು ಮರುದಿನ ಎಲ್ಲರಿಗಿಂತ ಮೊದಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು. ದಾರಿಯಲ್ಲಿ ಔಷಧಿ ಅಂಗಡಿಯವನು "ಪೊಟ್ಟಣ ಬಂದಿದೆ ಅತ್ತೆ, ಎತ್ತಿಡಲಾ?" ಎಂದ. "ನೀನೇ ಇಟ್ಕೋ" ಎಂದು ತಿರುಗಿ ನೋಡದೆ ಹೋದಳು.

ನಾಯಿ ಮನೆಗೆ ಬಂದಾಗ ಗೋಧಿ ಮೂಟೆ ಹತ್ತಲಾರದಷ್ಟು ಬಡವಾಗಿತ್ತು. ಅತ್ತೆ ಕೆಳಗೆ ಗೋಣಿ ಹಾಸಿದಳು. ಕ್ಯಾಲ್ಸಿಯಂ ಇಳಿದಿದೆ, ಕಿಡ್ನಿ ಮೊದಲಿನಷ್ಟು ಗಟ್ಟಿಯಿಲ್ಲ ಎಂದಿದ್ದಳು ವೈದ್ಯೆ. ಕಿಡ್ನಿಗೆಂದು ಬೇರೆ ಆಹಾರ ಕೊಟ್ಟಿದ್ದಳು. ಹಾಲು ಬೇಡ, ಮೊಟ್ಟೆ ಬೇಡ, ಹೊಸ ಡಬ್ಬಿ ಯಾವುದೇ ಇರಲಿ ಕೇಳದೆ ಬೇಡ. ಹಗಲಿನಲ್ಲಿ ಒಬ್ಬರದೇ ಕೈ ಇರಬೇಕು.

ಗುಬ್ಬಿ ಮರುದಿನ ಬೆಳಗ್ಗೆ ಕೆಲಸದ ಬಟ್ಟೆಯಲ್ಲಿ ಅಂಗಡಿಗೆ ಬಂದಳು. ಅಳತೆಯ ಡಬ್ಬಿಯನ್ನೂ ಮರದ ಪಟ್ಟಿಯನ್ನೂ ಅತ್ತೆಯ ಮುಂದಿಟ್ಟಳು. ಅತ್ತೆ ಅವುಗಳನ್ನು ಮುಟ್ಟಲಿಲ್ಲ.

"ನನ್ನ ಕೈಗೆ ಯಾಕೆ? ನಿನಗೆ ನಂಬಿಕೆ ಇದೆಯಾ?"

"ಇಲ್ಲ" ಎಂದಳು ಗುಬ್ಬಿ. "ಆದರೆ ಹಗಲಿಡೀ ಮನೇಲಿರೋದು ನೀನು. ನಾನು ಹೊರಗೆ ಹೋಗಿ ಹೆದರ್ತಾ ಕೂರಲಾರೆ. ನನ್ನ ಎದುರಿಗೆ ಅಳೆದು ಹಾಕು, ನೋಡಿಕೊಂಡು ಹೋಗ್ತೀನಿ. ನಾಳೆನೂ ನೋಡ್ತೀನಿ."

ಅತ್ತೆ ಡಬ್ಬಿ ತುಂಬಿದಳು. ರೂಢಿಯ ಕೈ ಗೋಪುರ ಕಟ್ಟಿಯೇಬಿಟ್ಟಿತು. ಎಣ್ಣೆಗೆ ಬಂದಿದ್ದ ದರ್ಜಿ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತ. ಅವಳು ಅವನತ್ತ ಒಮ್ಮೆ ನೋಡಿದಳು, ಪಟ್ಟಿಯನ್ನು ಅಂಚಿಗೆ ಒತ್ತಿ ಹಿಡಿದಳು, ಸವರಿದಳು. ಮೇಲಿನದೆಲ್ಲ ಚೀಲಕ್ಕೆ ಬಿತ್ತು. ಎರಡು ಕಾಳು ಹಲಗೆಯ ಮೇಲೆ ಉರುಳಿದವು. ಅವನ್ನೂ ಆರಿಸಿ ಚೀಲಕ್ಕೆ ಹಾಕಿ, ಬಟ್ಟಲನ್ನು ಕೆಳಗಿಟ್ಟಳು.

ಮೂಟೆ ಗೋಣಿಯಿಂದ ಎದ್ದಿತು. ಗುಬ್ಬಿ ಒಂದು ಪಕ್ಕ, ಅತ್ತೆ ಒಂದು ಪಕ್ಕ, ನಡುವೆ ಅದು ಬಾಲ ಆಡಿಸುತ್ತ ನಿಂತಿತು. ಅತ್ತೆಗೆ ತಡೆಯಲಾಗಲಿಲ್ಲ.

"ನಿನ್ನ ಕಡೆ ನೋಡ್ತಿದೆಯಾ, ನನ್ನ ಕಡೆನಾ?"

ಗುಬ್ಬಿ ಬಗ್ಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ತುಟಿ ಸ್ವಲ್ಪ ಸಡಿಲವಾಯಿತು.

"ಬಟ್ಟಲ ಕಡೆ ಅತ್ತೆ."